ಹೆಬ್ಬಾತಿನ ಕೂಗು

ಹೆಬ್ಬಾತಿನ ಕೂಗು ಎಂಬುದು ಹೆಬ್ಬಾತುಗಳು ಗುಂಪನ್ನು ಒಟ್ಟಾಗಿರಿಸಿಕೊಳ್ಳಲು, ಅಪಾಯವನ್ನು ಸೂಚಿಸಲು, ಸಂಗಾತಿಯನ್ನೂ ಮರಿಗಳನ್ನೂ ಗುರುತಿಸಲು ಹೊರಡಿಸುವ ಧ್ವನಿಗಳ ಸಮೂಹವಾಗಿದೆ. ಈ ಧ್ವನಿಗಳನ್ನು ಬಾಯಿಯಿಂದ ಅಥವಾ ರೀಡ್ ಅಳವಡಿಸಿದ ಪೀಪಿಯಿಂದ ಅನುಕರಿಸುವ ವಿದ್ಯೆಯು ಉತ್ತರ ಅಮೆರಿಕದಲ್ಲಿ ಬೇಟೆಯ ಅಂಗವಾಗಿ ಬೆಳೆದು, ಅನಂತರ ಸ್ವತಂತ್ರ ಸ್ಪರ್ಧೆಯ ರೂಪವನ್ನು ಪಡೆಯಿತು. ಭಾರತದಲ್ಲಿ ಕಾಡು ಹೆಬ್ಬಾತುಗಳ ಬೇಟೆ ನಿಷಿದ್ಧವಾಗಿರುವುದರಿಂದ ಈ ವಿದ್ಯೆಗೆ ಇಲ್ಲಿ ಉಳಿದಿರುವ ಉಪಯೋಗ ಬೇರೆ ಬಗೆಯದು. ದಾವಣಗೆರೆ ನಗರ ಹಾಗೂ ಹರಿಹರದ ಸುತ್ತಲಿನ ಕೆರೆಬಯಲನ್ನು ಒಳಗೊಂಡ ಮಧ್ಯ ಕರ್ನಾಟಕವು ಪಟ್ಟೆತಲೆ ಹೆಬ್ಬಾತಿನ ಚಳಿಗಾಲದ ವ್ಯಾಪ್ತಿಗೆ ಸೇರುತ್ತದೆ. ಇಲ್ಲಿ ಈ ಕೂಗುಗಳ ಅರಿವು ಹಕ್ಕಿಯನ್ನು ಕರೆಯುವುದಕ್ಕಿಂತ ಹೆಚ್ಚಾಗಿ ಅದನ್ನು ಗುರುತಿಸಲು ಮತ್ತು ಅದರ ನೆಮ್ಮದಿ ಕೆಡದಂತೆ ನೋಡಿಕೊಳ್ಳಲು ಬಳಕೆಯಾಗುತ್ತದೆ.

ಹೆಸರು

ಹಿರಿದಾದ ಬಾತು ಎಂಬ ಅರ್ಥದಲ್ಲಿ ಹೆಬ್ಬಾತು ಎಂಬ ಪದ ಬಂದಿದೆ. ಸಂಸ್ಕೃತದ ಹಂಸ, ಲ್ಯಾಟಿನ್ನಿನ ಆನ್ಸರ್, ಜರ್ಮನ್ನಿನ ಗಾನ್ಸ್ ಮತ್ತು ಇಂಗ್ಲಿಷಿನ ಗೂಸ್ ಒಂದೇ ಮೂಲದಿಂದ ಕವಲೊಡೆದ ಪದಗಳು. ಕ್ಯಾಲೆಂಡರ್ ಚಿತ್ರಗಳಲ್ಲಿ ಸರಸ್ವತಿಯ ಪಕ್ಕದಲ್ಲಿ ಕಾಣುವ ಬಿಳಿಯ, ನೀಳ ಕೊರಳಿನ ಹಕ್ಕಿ ಯುರೋಪಿನ ಹಂಸವನ್ನು ಹೋಲುತ್ತದೆ. ಆದರೆ ಪ್ರಾಚೀನ ಭಾರತೀಯ ಸಾಹಿತ್ಯ ಮತ್ತು ಶಿಲ್ಪದಲ್ಲಿನ ಹಂಸವು ಬಹುಮಟ್ಟಿಗೆ ಹೆಬ್ಬಾತೇ ಎಂದು ಡಚ್ ವಿದ್ವಾಂಸ ಜೀನ್ ಫಿಲಿಪ್ ವೋಗೆಲ್ 1962ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಮಾನಸ ಸರೋವರಕ್ಕೆ ಹೋಗಿ ಮರಳುವ ಹಂಸದ ಕಲ್ಪನೆಯು ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತಿಗೆ ಚೆನ್ನಾಗಿಯೇ ಹೊಂದುತ್ತದೆ.

ಪಟ್ಟೆತಲೆ ಹೆಬ್ಬಾತಿನ ವೈಜ್ಞಾನಿಕ ಹೆಸರು ಆನ್ಸರ್ ಇಂಡಿಕಸ್. ಬೂದುಬಣ್ಣದ ಮೈ, ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು ಮತ್ತು ಕಾಲುಗಳು ಇದರ ಗುರುತು. ಉದ್ದ ಸುಮಾರು 71ರಿಂದ 76 ಸೆಂ.ಮೀ., ತೂಕ 2ರಿಂದ 3 ಕಿಲೋಗ್ರಾಂ.

ದಾವಣಗೆರೆ–ಹರಿಹರ ಬಯಲಿನಲ್ಲಿ

ದಾವಣಗೆರೆಯ ಹೆಸರಿನಲ್ಲಿಯೇ ಕೆರೆ ಇದೆ. ನಗರಕ್ಕೆ ಕುಡಿಯುವ ನೀರನ್ನು ಸಂಗ್ರಹಿಸುವ ಕುಂದುವಾಡ ಕೆರೆ, ಹರಿಹರ ತಾಲ್ಲೂಕಿನ ಕೊಂಡಜ್ಜಿ ಕೆರೆ ಹಾಗೂ ದೇವರಬೆಳಕೆರೆಯ ಪಿಕಪ್, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಅಥವಾ ಶಾಂತಿಸಾಗರ ಇವು ಜಿಲ್ಲೆಯ ಪ್ರಮುಖ ಜಲಾಶಯಗಳು. ಹರಿಹರವು ತುಂಗಭದ್ರೆಯ ದಡದಲ್ಲಿದೆ. ಭದ್ರಾ ನಾಲೆಯ ನೀರಿನಿಂದಾಗಿ ಈ ಭಾಗದಲ್ಲಿ ಮಳೆಗಾಲದ ಬೆಳೆಯ ನಂತರ ಬೇಸಿಗೆ ಭತ್ತವನ್ನೂ ನಾಟಿ ಮಾಡಲಾಗುತ್ತದೆ. ನಾಲೆ ತಲುಪದ ಹೊಲಗಳಲ್ಲಿ ಮೆಕ್ಕೆಜೋಳ ಪ್ರಧಾನ.

ಹೆಬ್ಬಾತಿಗೆ ಬೇಕಾದುದು ಎರಡೇ: ಹಗಲಿನಲ್ಲಿ ವಿಶ್ರಮಿಸಲು ವಿಶಾಲವಾದ ತೆರೆದ ನೀರು, ರಾತ್ರಿಯಲ್ಲಿ ಮೇಯಲು ಹಸಿರು ಅಥವಾ ಕೊಯ್ಲಾದ ಹೊಲ. ಮಂಗೋಲಿಯಾ, ಟಿಬೆಟ್ ಮತ್ತು ಲಡಾಖಿನ ಎತ್ತರದ ಸರೋವರಗಳಲ್ಲಿ ಮರಿಮಾಡುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರ್ ವೇಳೆಗೆ ಕರ್ನಾಟಕವನ್ನು ತಲುಪಿ ಮಾರ್ಚಿನೊಳಗೆ ಹಿಂದಿರುಗುತ್ತವೆ. ರಾಜ್ಯದಲ್ಲಿ ಇವುಗಳ ಅತಿ ಪ್ರಸಿದ್ಧ ತಾಣ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. 2024ರಲ್ಲಿ ಅದು ರಾಮ್ಸಾರ್ ತಾಣವೆಂದು ಘೋಷಿತವಾಯಿತು. ಮೈಸೂರು ಭಾಗದ ಹದಿನಾರು ಕೆರೆಗೂ ಇವು ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿರುವುದರಿಂದ ಪ್ರಯಾಣದ ಎರಡೂ ತುದಿಗಳು ಖಚಿತವಾಗಿವೆ. ಉಪಗ್ರಹ ಸಾಧನ ಅಳವಡಿಸಿದ ಹಕ್ಕಿಯೊಂದು ಹಿಮಾಲಯವನ್ನು ದಾಟುವಾಗ ಸುಮಾರು 7,290 ಮೀಟರ್ ಎತ್ತರವನ್ನು ಮುಟ್ಟಿದ್ದು ದಾಖಲಾಗಿದೆ.

ಸಂಜೆ ಕತ್ತಲಾಗುವಾಗ ಕೆರೆಯಿಂದ ಹೊಲಕ್ಕೆ, ಬೆಳಗಿನ ಜಾವ ಹೊಲದಿಂದ ಕೆರೆಗೆ ಗುಂಪುಗಳು ಹಾರುವ ಹೊತ್ತಿನಲ್ಲಿಯೇ ಕೂಗು ಹೆಚ್ಚಾಗಿ ಕೇಳಿಬರುತ್ತದೆ. ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುವುದು ಸಾಮಾನ್ಯ.

ಧ್ವನಿ ಹುಟ್ಟುವ ಬಗೆ

ಮನುಷ್ಯನ ಧ್ವನಿ ಗಂಟಲಿನ ಮೇಲ್ಭಾಗದ ಧ್ವನಿತಂತುಗಳಲ್ಲಿ ಹುಟ್ಟಿದರೆ, ಹಕ್ಕಿಗಳ ಧ್ವನಿ ಶ್ವಾಸನಾಳವು ಎರಡಾಗಿ ಕವಲೊಡೆಯುವ ಬುಡದಲ್ಲಿರುವ ಸಿರಿಂಕ್ಸ್ ಎಂಬ ಅಂಗದಲ್ಲಿ ಹುಟ್ಟುತ್ತದೆ. ಹೆಬ್ಬಾತಿನ ನೀಳ ಶ್ವಾಸನಾಳವು ಕೊಳವೆಯಂತೆ ವರ್ತಿಸಿ ಧ್ವನಿಗೆ ಮೂಗಿನಿಂದ ಬಂದಂತಹ ಗಡಸುತನವನ್ನು ನೀಡುತ್ತದೆ. ಅನುಕರಣೆಯ ಪೀಪಿಯಲ್ಲಿ ರೀಡ್ ಸಿರಿಂಕ್ಸಿನ ಕೆಲಸವನ್ನು, ಪೀಪಿಯ ಕೊಳವೆ ಮತ್ತು ಅದರ ಬಾಯಿಗೆ ಹಿಡಿದ ಅಂಗೈಗಳು ಶ್ವಾಸನಾಳದ ಕೆಲಸವನ್ನು ಮಾಡುತ್ತವೆ. ಕೈಗಳನ್ನು ಗೌಣವೆಂದು ಬಗೆಯುವ ಕಲಿಕೆಗಾರರ ಕೂಗು ಎಷ್ಟು ಜೋರಾಗಿದ್ದರೂ ಜಾತ್ರೆಯ ಪೀಪಿಯ ಸದ್ದಿನಂತೆಯೇ ಉಳಿಯುತ್ತದೆ.

ಮೂಲ ಧ್ವನಿಗಳು

ಅನುಕರಣೆಯ ಪಾಠಗಳು ಬಹುಮಟ್ಟಿಗೆ ಉತ್ತರ ಅಮೆರಿಕದ ಕೆನಡಾ ಹೆಬ್ಬಾತನ್ನು ಆಧರಿಸಿ ರೂಪುಗೊಂಡಿವೆ. ಆ ಹಕ್ಕಿ ಭಾರತಕ್ಕೆ ವಲಸೆ ಬರುವುದಿಲ್ಲ. ಆದರೂ ಧ್ವನಿಗಳ ಸಾಮಾನ್ಯ ವಿಂಗಡಣೆ ಇತರ ಹೆಬ್ಬಾತುಗಳನ್ನು ಆಲಿಸುವವರಿಗೂ ನೆರವಾಗುತ್ತದೆ.

ಮೊದಲನೆಯದು ಹಾಂಕ್ ಎಂದು ಕರೆಯಲಾಗುವ ದೂರದ ಕರೆ. ಕೆನಡಾ ಹೆಬ್ಬಾತಿನಲ್ಲಿ ಇದು ತಗ್ಗಿನ ಸ್ವರದಲ್ಲಿ ಆರಂಭವಾಗಿ ಹಠಾತ್ತನೆ ಎತ್ತರದ ಸ್ವರಕ್ಕೆ ಮುರಿಯುತ್ತದೆ. ಈ ಮುರಿತವೇ ಇಡೀ ವಿದ್ಯೆಯ ಬುನಾದಿ. ಇದು ಸ್ವಚ್ಛವಾಗಿ ಬಾರದೆ ಉಳಿದ ಯಾವುದೂ ಬಾರದು. ಹಾರುವ ಗುಂಪು ತನ್ನವರೊಂದಿಗೆ ಸಂಪರ್ಕವಿರಿಸಿಕೊಳ್ಳಲು, ನೆಲದಲ್ಲಿರುವ ಹಕ್ಕಿ ದೂರದ ಗುಂಪಿಗೆ ಉತ್ತರಿಸಲು ಇದನ್ನು ಬಳಸುತ್ತದೆ.

ಕ್ಲಕ್ ಎಂಬುದು ಹಾಂಕನ್ನೇ ಕತ್ತರಿಸಿ ಗಿಡ್ಡ ಮಾಡಿದಂತಹ ಚುರುಕಾದ ಧ್ವನಿ. ಹಕ್ಕಿಗಳು ಹತ್ತಿರ ಬಂದಾಗ ಇದು ಮಿಗಿಲಾಗುತ್ತದೆ. ಒಂದರ ಬೆನ್ನಿಗೆ ಇನ್ನೊಂದು ಬಂದರೆ ಅದು ಜೋಡಿ ಕ್ಲಕ್. ಮೋನ್ ಎಂಬುದು ಮುರಿತವಿಲ್ಲದ, ತಗ್ಗಿನ, ಎಳೆದ ಧ್ವನಿ. ನೆಲಕ್ಕಿಳಿದು ನಿಶ್ಚಿಂತೆಯಿಂದಿರುವ ಗುಂಪಿನಲ್ಲಿ ಕೇಳಿಬರುತ್ತದೆ. ಮೇಯುವ ಗುಂಪಿನಿಂದ ಹೊಮ್ಮುವ ಮರ್ಮರವು ಒಂದೇ ಹಕ್ಕಿಯದೆಂದು ಬೇರ್ಪಡಿಸಲಾಗದಷ್ಟು ಮೆತ್ತಗಿರುತ್ತದೆ. ಸಂತೆಯ ಗದ್ದಲ ದೂರದಿಂದ ಕೇಳಿದಂತಿರುತ್ತದೆ. ಈ ಎರಡು ಧ್ವನಿಗಳ ಕಡೆಗೆ ಹೊಸಬರ ಗಮನ ಕಡಿಮೆ, ಆದರೆ ಹಕ್ಕಿಗಳ ಮನಃಸ್ಥಿತಿಯನ್ನು ತಿಳಿಸುವುದು ಇವೇ.

ಎಚ್ಚರಿಕೆಯ ಕೂಗು ಒಂಟಿಯಾಗಿ, ಗಡುಸಾಗಿ ಬರುತ್ತದೆ. ಅದು ಹೊರಟೊಡನೆ ಮರ್ಮರ ನಿಂತು ಕೊರಳುಗಳೆಲ್ಲ ನೆಟ್ಟಗಾಗುತ್ತವೆ. ಹತ್ತಿರ ಬಂದ ಶತ್ರುವಿಗೆ ಹಾವಿನಂತೆ ಬುಸುಗುಟ್ಟುವುದೂ ಉಂಟು. ಗುಂಪು ಹಾರಲು ಅಣಿಯಾದಾಗ ಕೂಗಿನ ವೇಗ ಏರುತ್ತ ಹೋಗಿ, ಹಕ್ಕಿಗಳು ತಲೆ ಕೊಡವತೊಡಗುತ್ತವೆ.

ಪಟ್ಟೆತಲೆ ಹೆಬ್ಬಾತಿನ ದೂರದ ಕರೆಯು ಕೆನಡಾ ಹೆಬ್ಬಾತಿನದರಷ್ಟು ಸ್ಪಷ್ಟವಾಗಿ ಎರಡು ಸ್ವರಗಳಾಗಿ ಮುರಿಯುವುದಿಲ್ಲ. ಅನುನಾಸಿಕವಾದ, ತುಸು ಸಂಗೀತಮಯವಾದ 'ಆಂಗ್... ಆಂಗ್' ಎಂಬಂತೆ ನಿಧಾನವಾಗಿ ಮರುಕಳಿಸುತ್ತದೆ. ಗುಂಪಿನಲ್ಲಿ ಬೇರೆ ಬೇರೆ ಎತ್ತರದ ಧ್ವನಿಗಳು ಹೆಣೆದುಕೊಳ್ಳುತ್ತವೆ. ಇಲ್ಲಿ ಒಂದು ಗೊಂದಲಕ್ಕೆ ಆಸ್ಪದವಿದೆ: ಚಳಿಗಾಲದಲ್ಲಿ ಇದೇ ಬಗೆಯ ಕೆರೆಗಳಿಗೆ ಬರುವ ಚಕ್ರವಾಕದ ಕೂಗನ್ನೂ ಬರಹದಲ್ಲಿ 'ಆಂಗ್' ಎಂದೇ ಗುರುತಿಸುವ ವಾಡಿಕೆಯಿದೆ. ಚಕ್ರವಾಕಗಳು ಸಾಮಾನ್ಯವಾಗಿ ಜೋಡಿಯಾಗಿ ಅಥವಾ ಸಣ್ಣ ಗುಂಪಿನಲ್ಲಿರುವುದರಿಂದ ಧ್ವನಿಗಳ ಸಂಖ್ಯೆಯೇ ಒಂದು ಸುಳಿವು. ಸ್ಥಳೀಯ ಸಿಳ್ಳೆ ಬಾತಿನ ಎರಡು ಸ್ವರದ ಸಿಳ್ಳೆ, ವರಟೆಯ ಬಡಬಡಿಕೆ ಇವುಗಳಿಂದ ಹೆಬ್ಬಾತಿನ ಕೂಗನ್ನು ಬೇರ್ಪಡಿಸುವುದು ಕಷ್ಟವಲ್ಲ. ಮನೆಗಳಲ್ಲಿ ಕಾವಲಿಗೆಂದು ಸಾಕುವ ಬಿಳಿಯ ಹೆಬ್ಬಾತುಗಳು ಬೇರೆ ಪ್ರಭೇದಗಳಿಂದ ಬಂದವು. ಅವುಗಳ ಕರ್ಕಶ ಅರಚಾಟವನ್ನು ಕೇಳಿ ಕಾಡು ಹೆಬ್ಬಾತಿನ ಕೂಗನ್ನು ಊಹಿಸಲಾಗದು.

ಹೆಬ್ಬಾತುಗಳ ಧ್ವನಿ ಮತ್ತು ನಡವಳಿಕೆಯ ಅಧ್ಯಯನದಲ್ಲಿ ಆಸ್ಟ್ರಿಯದ ಕೊನ್ರಾಡ್ ಲೊರೆಂಜ್ ಅವರ ಹೆಸರು ಮುಖ್ಯವಾದುದು. ಮೊಟ್ಟೆಯೊಡೆದ ಕೂಡಲೇ ಕಂಡ ಜೀವಿಯನ್ನು ತಾಯಿಯೆಂದು ಮರಿಗಳು ಹಿಂಬಾಲಿಸುವ ಗುಣವನ್ನು ಬೂದು ಹೆಬ್ಬಾತುಗಳಲ್ಲಿ ಅವರು ವಿವರಿಸಿದರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಅನುಕರಣೆಯನ್ನು ಕಲಿಯುವ ಕ್ರಮ

ಅಮೆರಿಕದಲ್ಲಿ ಬಳಕೆಯಲ್ಲಿರುವ ಪೀಪಿಗಳಲ್ಲಿ ಕೊಳಲಿನಂತೆ ಉದ್ದನೆಯ ಕೊಳವೆಯುಳ್ಳವು ಮತ್ತು ಗಿಡ್ಡ ರೀಡಿನವು ಎಂಬ ಎರಡು ಬಗೆಗಳು ಪ್ರಮುಖ. ಉದ್ದನೆಯದನ್ನು ಊದುವುದು ಸುಲಭ, ಆದರೆ ಧ್ವನಿಗಳ ವೈವಿಧ್ಯ ಕಡಿಮೆ. ಗಿಡ್ಡ ರೀಡಿನದು ತಡವಾಗಿ ಒಲಿಯುತ್ತದೆ. ಒಲಿದ ಮೇಲೆ ಮರ್ಮರದಿಂದ ಹಾಂಕಿನವರೆಗೆ ಎಲ್ಲವನ್ನೂ ನುಡಿಸಬಹುದು. ಸ್ಯಾಕ್ಸೋಫೋನಿನಲ್ಲಿರುವಂತೆ ಇವುಗಳಲ್ಲಿಯೂ ಒಂದೇ ರೀಡ್ ಕಂಪಿಸುತ್ತದೆ.

ಕಲಿಕೆ ಉಸಿರಿನಿಂದ ಆರಂಭವಾಗುತ್ತದೆ. ಗಾಳಿಯನ್ನು ಕೆನ್ನೆಯಿಂದ ಊದದೆ ಹೊಟ್ಟೆಯ ಬಲದಿಂದ, ಚಳಿಯಲ್ಲಿ ಕನ್ನಡಕದ ಗಾಜಿಗೆ ಹಬೆ ಹಿಡಿಸುವಾಗ ಬಿಡುವಂತಹ ಬಿಸಿ ಉಸಿರಾಗಿ ತಳ್ಳಬೇಕು. ಪೀಪಿಯ ಬಾಯಿಯನ್ನು ಎರಡೂ ಅಂಗೈಗಳಿಂದ ಬೊಗಸೆಯಂತೆ ಮುಚ್ಚಿ ಸ್ವಲ್ಪವೇ ಗಾಳಿ ಬಿಟ್ಟಾಗ ಮೋನ್ ಧ್ವನಿ ಬರುತ್ತದೆ. ಅದೇ ಉಸಿರಿನ ಒತ್ತಡವನ್ನು ಒಮ್ಮೆಲೇ ಏರಿಸಿ ಕೈಗಳನ್ನು ತೆರೆದಾಗ ರೀಡ್ ಮೇಲಿನ ಸ್ವರಕ್ಕೆ ಮುರಿಯುತ್ತದೆ, ಇದು ಹಾಂಕ್. ಮುರಿತವಾದ ಕ್ಷಣವೇ ನಾಲಿಗೆಯಿಂದ ಗಾಳಿಯನ್ನು ತಡೆದರೆ ಕ್ಲಕ್ ಆಗುತ್ತದೆ. ಹೀಗೆ ಮೂರೂ ಧ್ವನಿಗಳು ಒಂದೇ ಚಲನೆಯ ಮೂರು ಹಂತಗಳಾಗಿರುವುದರಿಂದ ಮೋನನ್ನು ಮೊದಲು ಸ್ಥಿರಪಡಿಸಿಕೊಂಡು ಮುಂದುವರಿಯುವುದು ಸರಿಯಾದ ಕ್ರಮ. ವೇಗವನ್ನು ಬೇಗನೆ ಬಯಸುವವರ ಕ್ಲಕ್‌ಗಳು ಒಂದಕ್ಕೊಂದು ಅಂಟಿಕೊಂಡು ಅಸ್ಪಷ್ಟವಾಗುತ್ತವೆ. ಮರ್ಮರಕ್ಕೆ ಉಸಿರಿನೊಂದಿಗೆ ಗಂಟಲಿನಲ್ಲಿ ಗುನುಗುವಿಕೆಯನ್ನೂ ಬೆರೆಸಬೇಕಾಗುತ್ತದೆ.

ಧ್ವನಿಗಳು ಬಂದರೂ ಯಾವಾಗ ಸುಮ್ಮನಿರಬೇಕೆಂಬುದು ಬೇರೆಯೇ ಪಾಠ. ನಿಜವಾದ ಗುಂಪಿನಲ್ಲಿ ಮೌನದ ಅವಧಿಗಳು ಇರುತ್ತವೆ, ಮತ್ತು ಒಂದು ಹಕ್ಕಿಯ ಕೂಗಿಗೆ ಇನ್ನೊಂದರ ಉತ್ತರ ಬರುತ್ತದೆ. ಪೀಪಿ ಹಿಡಿದು ಕಲಿಯುವ ಮುನ್ನ ನಿಜವಾದ ಹಕ್ಕಿಗಳನ್ನು ದೀರ್ಘಕಾಲ ಆಲಿಸಬೇಕೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ. ಝೆನೋ-ಕ್ಯಾಂಟೊದಂತಹ ಮುಕ್ತ ಧ್ವನಿಭಂಡಾರಗಳಲ್ಲಿ ಪಟ್ಟೆತಲೆ ಹೆಬ್ಬಾತಿನ ಮುದ್ರಣಗಳೂ ದೊರೆಯುತ್ತವೆ.

ಬೇಟೆಯಲ್ಲಿ ಬಳಕೆ

ನೀರುಹಕ್ಕಿಗಳನ್ನು ಮೋಸದಿಂದ ಹತ್ತಿರಕ್ಕೆ ಸೆಳೆಯುವ ಉಪಾಯ ಪುರಾತನವಾದುದು. ಅಮೆರಿಕದ ನೆವಾಡದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ದೊರೆತ ಜೊಂಡಿನ ಬಾತುಬೊಂಬೆಗಳು ಸುಮಾರು 2,000 ವರ್ಷ ಹಳೆಯವು. ಬೊಂಬೆಗಳ ಜೊತೆಗೆ ಕೂಗೂ ಸೇರಿದಾಗ ಸೆಳೆತ ಹೆಚ್ಚುತ್ತದೆ. ದೂರದ ಗುಂಪಿಗೆ ಹಾಂಕ್, ತಿರುಗಿ ಬರತೊಡಗಿದಾಗ ಕ್ಲಕ್, ಇಳಿಯುವಾಗ ಮೋನ್, ಬಿಟ್ಟುಹೋಗುವ ಗುಂಪಿಗೆ ಮತ್ತೆ ತ್ವರಿತವಾದ ಮರುಕರೆ ಇದು ಅಲ್ಲಿನ ಸಾಮಾನ್ಯ ಅನುಕ್ರಮ. ಸಾಕಿದ ಜೀವಂತ ಹಕ್ಕಿಗಳನ್ನು ಕಟ್ಟಿ ಕೂಗಿಸುವ ಪದ್ಧತಿ ಅಮೆರಿಕದಲ್ಲಿ 1935ರಲ್ಲಿ ನಿಷಿದ್ಧವಾಯಿತು. ಆ ಬಳಿಕ ಪೀಪಿಯ ಮಹತ್ವ ಇನ್ನಷ್ಟು ಹೆಚ್ಚಿತು.

ಕರ್ನಾಟಕದಲ್ಲಿ ಹಕ್ಕಿಬೇಟೆಯ ಲಿಖಿತ ಪರಂಪರೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಡೇಗೆಗಳಿಂದ ಹಕ್ಕಿ ಹಿಡಿಸುವ ಶ್ಯೇನವಿನೋದವೆಂಬ ಭಾಗವಿದೆ. ಅದು ಅರಮನೆಯ ವಿನೋದ. ಕೂಗಿನ ಅನುಕರಣೆ ಜೀವನೋಪಾಯವಾಗಿದ್ದುದು ಅಲೆಮಾರಿ ಸಮುದಾಯಗಳಲ್ಲಿ, ವಿಶೇಷವಾಗಿ ಹಕ್ಕಿಪಿಕ್ಕಿಗಳಲ್ಲಿ.

ಹಕ್ಕಿಪಿಕ್ಕಿಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳಲ್ಲಿ ಒಂದು. ಮನೆಯೊಳಗೆ ಇಂಡೋ-ಆರ್ಯನ್ ಮೂಲದ ವಾಗ್ರಿಯನ್ನು, ಹೊರಗೆ ಕನ್ನಡವನ್ನು ಆಡುತ್ತಾರೆ. ದಾವಣಗೆರೆ ಜಿಲ್ಲೆಯಲ್ಲಿ ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ ಮತ್ತು ಗೋಪನಾಳದಲ್ಲಿ ಇವರ ನೆಲೆಗಳಿವೆ. ಕೌಜುಗ, ಬುರ್ಲಿ ಮೊದಲಾದ ಹಕ್ಕಿಗಳ ಕೂಗನ್ನು ಬಾಯಿಯಿಂದಲೇ ನುಡಿಸಿ ಬಲೆಯತ್ತ ಸೆಳೆಯುವುದು, ಪಳಗಿಸಿದ ಕೌಜುಗವನ್ನು ಪಂಜರದಲ್ಲಿಟ್ಟು ಅದರ ಕೂಗಿಗೆ ಕಾಡಿನ ಕೌಜುಗ ಕೆರಳಿ ಬರುವಂತೆ ಮಾಡುವುದು ಇವರ ಪಾರಂಪರಿಕ ವಿಧಾನಗಳು. ಹೆಬ್ಬಾತಿಗಿಂತ ನೆಲದ ಹಕ್ಕಿಗಳೇ ಈ ವಿದ್ಯೆಯ ಮುಖ್ಯ ಗುರಿಯಾಗಿದ್ದವು. ಎರಡೂ ಕಡೆಯ ತತ್ತ್ವ ಮಾತ್ರ ಭಿನ್ನ: ಕೌಜುಗದ ಗಂಡು ತನ್ನ ನೆಲೆಗೆ ನುಗ್ಗಿದ ಎದುರಾಳಿಯನ್ನು ಓಡಿಸಲು ಬರುತ್ತದೆ, ಹೆಬ್ಬಾತು ಜೊತೆಯನ್ನು ಅರಸಿ ಬರುತ್ತದೆ.

ವನ್ಯಜೀವಿ ಕಾಯ್ದೆಯು ಈ ಕಸುಬನ್ನು ಅಪರಾಧವಾಗಿಸಿತು. ಪರ್ಯಾಯ ಉದ್ಯೋಗ ಮತ್ತು ಜಮೀನು ಅಷ್ಟೇ ವೇಗವಾಗಿ ಸಿಗಲಿಲ್ಲ. ಅನೇಕ ಕುಟುಂಬಗಳು ಪ್ಲಾಸ್ಟಿಕ್ ಹೂವು, ಗಿಡಮೂಲಿಕೆ ಮತ್ತು ಕೇಶತೈಲದ ಮಾರಾಟಕ್ಕೆ ತಿರುಗಿ, ಆಫ್ರಿಕಾದ ದೇಶಗಳವರೆಗೂ ವ್ಯಾಪಾರಕ್ಕೆ ಹೋದವು. 2023ರ ಏಪ್ರಿಲಿನಲ್ಲಿ ಸುಡಾನಿನ ಸಂಘರ್ಷದಲ್ಲಿ ಸಿಲುಕಿದ ಹಕ್ಕಿಪಿಕ್ಕಿಗಳಲ್ಲಿ ಚನ್ನಗಿರಿ ಭಾಗದವರೂ ಇದ್ದರು. ಹೊಸ ತಲೆಮಾರಿಗೆ ಹಕ್ಕಿಯ ಕೂಗನ್ನು ನುಡಿಸುವ ಅಗತ್ಯ ಉಳಿದಿಲ್ಲ. ಅಕ್ಷರರೂಪವಿಲ್ಲದ ಈ ಜ್ಞಾನ ಹಿರಿಯರೊಂದಿಗೆ ಮರೆಯಾಗುವ ಸಂಭವವಿದೆ.

ಸ್ಪರ್ಧೆಗಳು

ಅಮೆರಿಕದ ಆರ್ಕನ್ಸಾ ರಾಜ್ಯದ ಸ್ಟಟ್‌ಗಾರ್ಟಿನಲ್ಲಿ 1936ರಿಂದ ಬಾತುಕೂಗಿನ ವಿಶ್ವಸ್ಪರ್ಧೆ ನಡೆಯುತ್ತಿದೆ. ಹೆಬ್ಬಾತು ಕೂಗಿನ ವಿಶ್ವಸ್ಪರ್ಧೆ ಮೇರಿಲ್ಯಾಂಡಿನ ಈಸ್ಟನ್ನಿನ ನೀರುಹಕ್ಕಿ ಉತ್ಸವದೊಂದಿಗೆ ಬೆಳೆಯಿತು. ಸ್ಪರ್ಧಿಗೆ ಸಾಮಾನ್ಯವಾಗಿ ಒಂದೂವರೆ ನಿಮಿಷದ ಅವಕಾಶವಿರುತ್ತದೆ. ದೂರದ ಗುಂಪನ್ನು ಕರೆದು, ತಿರುಗಿಸಿ, ಕೈತಪ್ಪಿದಾಗ ಮರಳಿ ಕರೆದು, ನೆಲಕ್ಕಿಳಿಸುವ ಇಡೀ ಕಥೆಯನ್ನು ಆ ಅವಧಿಯಲ್ಲಿ ಧ್ವನಿಯಿಂದಲೇ ನಿರೂಪಿಸಬೇಕು. ಸ್ಪರ್ಧಿ ಯಾರೆಂದು ತಿಳಿಯದಂತೆ ತೀರ್ಪುಗಾರರನ್ನು ಮರೆಯಲ್ಲಿ ಕೂರಿಸುವುದು ರೂಢಿ. ವೇದಿಕೆಯ ಕೂಗು ಹೊಲದ ಕೂಗಿಗಿಂತ ಅಲಂಕಾರಿಕವಾಗಿರುತ್ತದೆ. ಗೆದ್ದವರೆಲ್ಲರ ಕೂಗಿಗೆ ಹಕ್ಕಿಗಳು ಓಗೊಡುತ್ತವೆಂದು ಭಾವಿಸಬೇಕಿಲ್ಲ.

ಭಾರತದಲ್ಲಿ ಕಾನೂನು

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆಯೊಡ್ಡುವುದು, ಅಟ್ಟುವುದು, ಆಮಿಷವೊಡ್ಡುವುದು ಮತ್ತು ಇವುಗಳ ಪ್ರಯತ್ನವೂ ಬೇಟೆಯೇ. 1991ರ ತಿದ್ದುಪಡಿಯು ಪರವಾನಗಿ ಪಡೆದು ಬೇಟೆಯಾಡುವ ಹಿಂದಿನ ಅವಕಾಶವನ್ನು ತೆಗೆದುಹಾಕಿತು. ಆದ್ದರಿಂದ ಹೆಬ್ಬಾತನ್ನು ಹಿಡಿಯುವ ಉದ್ದೇಶದಿಂದ ಕೂಗಿ ಸೆಳೆಯುವುದು, ಹಕ್ಕಿ ಕೈಗೆ ಸಿಗದಿದ್ದರೂ, ಅಪರಾಧದ ವ್ಯಾಪ್ತಿಗೆ ಬರುತ್ತದೆ. ಹಕ್ಕಿಗಳಿಲ್ಲದ ಸಭಾಂಗಣದಲ್ಲಿ ಕೂಗನ್ನು ಅನುಕರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಛಾಯಾಚಿತ್ರಕ್ಕಾಗಿ ಮೊಬೈಲ್ ಮತ್ತು ಸ್ಪೀಕರಿನಿಂದ ಕೂಗು ನುಡಿಸುವ ಹವ್ಯಾಸ ಈಚಿನದು. ಕೆರೆಯ ನಡುವೆ ವಿಶ್ರಮಿಸುವ ಗುಂಪು ಹುಸಿ ಕೂಗಿಗೆ ಎದ್ದು ಹಾರಿದಾಗ ಅದು ವ್ಯಯಿಸುವ ಶಕ್ತಿ ರಾತ್ರಿಯಿಡೀ ಮೇದು ಕೂಡಿಟ್ಟ ಕೊಬ್ಬಿನದು. ಫೆಬ್ರವರಿ ಮತ್ತು ಮಾರ್ಚಿನಲ್ಲಿ, ಹಿಮಾಲಯದತ್ತ ಮರುಪ್ರಯಾಣಕ್ಕೆ ಸಿದ್ಧವಾಗುವ ದಿನಗಳಲ್ಲಿ, ಈ ನಷ್ಟ ಹೆಚ್ಚು ಗಂಭೀರವಾದುದು.

ರೈತರ ಪಾಲಿಗೆ ಪ್ರಶ್ನೆ ಬೇರೆ. ಬೇಸಿಗೆ ಭತ್ತದ ಎಳೆಯ ಪೈರಿಗೆ ಗುಂಪು ಇಳಿದರೆ ಆಗುವ ಹಾನಿ ಸಣ್ಣದಲ್ಲ. ಕೆಲವು ದೇಶಗಳಲ್ಲಿ ಹೆಬ್ಬಾತುಗಳ ಎಚ್ಚರಿಕೆಯ ಕೂಗನ್ನೇ ಮುದ್ರಿಸಿ ಹೊಲಗಳಲ್ಲಿ ನುಡಿಸುವ ಪ್ರಯೋಗಗಳು ನಡೆದಿವೆ. ಪಟಾಕಿಗಿಂತ ಇದು ನಿರುಪದ್ರವಿ. ಆದರೆ ಒಂದೇ ಮುದ್ರಣ, ಒಂದೇ ಸ್ಥಳದಿಂದ ಮರುಕಳಿಸಿದರೆ ಹಕ್ಕಿಗಳು ಅದಕ್ಕೆ ಬೇಗನೆ ಒಗ್ಗಿಹೋಗುತ್ತವೆ. ಸ್ಪೀಕರಿನ ಸ್ಥಾನ ಮತ್ತು ಹೊತ್ತನ್ನು ಬದಲಾಯಿಸುತ್ತಿದ್ದರೆ ಪರಿಣಾಮ ಸ್ವಲ್ಪ ಹೆಚ್ಚು ಕಾಲ ಉಳಿಯುತ್ತದೆ.

ಗಣತಿಯಲ್ಲಿ ಕೂಗಿನ ಉಪಯೋಗ

1987ರಲ್ಲಿ ಆರಂಭವಾದ ಏಷ್ಯಾ ನೀರುಹಕ್ಕಿ ಗಣತಿಯು ಪ್ರತಿ ಜನವರಿಯಲ್ಲಿ ಸ್ವಯಂಸೇವಕರ ನೆರವಿನಿಂದ ನಡೆಯುತ್ತದೆ. ಮಂಜು ಮುಸುಕಿದ ಮುಂಜಾನೆಗಳಲ್ಲಿ ಕೆರೆಯ ಆಚೆ ದಡದ ಬೂದುಬಣ್ಣದ ಹಕ್ಕಿಗಳನ್ನು ದುರ್ಬೀನಿನಿಂದಲೂ ಗುರುತಿಸಲಾಗದಿದ್ದಾಗ ಕೂಗು ನಿರ್ಣಾಯಕವಾಗುತ್ತದೆ. ಬೆಳಕು ಹರಿಯುವ ಮುನ್ನವೇ ಕೆರೆಯ ಏರಿಯ ಮೇಲೆ ನಿಂತು, ಹೊಲಗಳಿಂದ ಮರಳುವ ಗುಂಪುಗಳ ಕೂಗು ಯಾವ ದಿಕ್ಕಿನಿಂದ ಬರುತ್ತದೆಂದು ಗುರುತು ಹಾಕಿಕೊಂಡರೆ ಅವು ಮೇಯುವ ಪ್ರದೇಶವೂ ತಿಳಿಯುತ್ತದೆ. ಎಣಿಸುತ್ತಿರುವಾಗ ಮರ್ಮರ ನಿಂತು ಒಂಟಿ ಎಚ್ಚರಿಕೆಯ ಕೂಗು ಕೇಳಿಸಿದರೆ ಎಣಿಸುವವರು ಮಿತಿಮೀರಿ ಹತ್ತಿರ ಬಂದಿದ್ದಾರೆಂದು ಅರ್ಥ. ಮರ್ಮರ ಮರಳುವವರೆಗೆ ಅಲ್ಲಿಯೇ ನಿಲ್ಲುವುದು ಅಥವಾ ಹಿಂದೆ ಸರಿಯುವುದು ಸೂಕ್ತ.